ಕ್ಷಮೆ ದೊರೆತ ಮೇಲೆ ತಪ್ಪು ಉಳಿಯುವುದೇ?

ಮಧ್ಯಯುಗದ ಬ್ರಿಟನ್ನಿನ ಆರ್ಥರ್ ಮಹಾರಾಜನ ಕಥೆಗಳಲ್ಲಿ ವೀರರ ಗೆಲುವುಗಳೇ ಹೆಚ್ಚು. ಆದರೆ 14ನೆಯ ಶತಮಾನದ ಕೊನೆಯಲ್ಲಿ ಅಜ್ಞಾತ ಕವಿಯೊಬ್ಬನು ರಚಿಸಿದ ‘ಸರ್ ಗವೇನ್ ಮತ್ತು ಹಸಿರು ವೀರ’ ಎಂಬ ಕಾವ್ಯದ ಹಿರಿಮೆ ನಾಯಕನ ಒಂದು ಸಣ್ಣ ತಪ್ಪಿನಲ್ಲಿದೆ. ಇದರ ಒಂದೇ ಹಸ್ತಪ್ರತಿ ಉಳಿದುಬಂದಿದ್ದು, ಕಾವ್ಯವು 1839ರಲ್ಲಿ ಮೊದಲು ಅಚ್ಚಾಯಿತು.

ಹೊಸ ವರ್ಷದ ದಿನ ಹಸಿರು ಮೈಯ ವೀರನೊಬ್ಬನು ಅರಸನ ಸಭೆಗೆ ಬಂದು, ಯಾರಾದರೂ ತನ್ನನ್ನು ಕೊಡಲಿಯಿಂದ ಒಮ್ಮೆ ಹೊಡೆದು, ಒಂದು ವರ್ಷ ಒಂದು ದಿನದ ಬಳಿಕ ಅಂಥದೇ ಪೆಟ್ಟಿಗೆ ಕೊರಳೊಡ್ಡಬೇಕೆಂದು ಪಂಥವೊಡ್ಡಿದನು. ಅರಸನ ಸೋದರಳಿಯ ಗವೇನನು ಅವನ ತಲೆ ಕಡಿದನು. ಬಂದವನು ಆ ತಲೆಯನ್ನು ಕೈಯಲ್ಲೆತ್ತಿಕೊಂಡು, ವಚನವನ್ನು ನೆನಪಿಸಿ ಹೊರಟುಹೋದನು.

ವರ್ಷ ಕಳೆಯಿತು. ಮಾತಿಗೆ ತಪ್ಪದೆ ಹೊರಟ ಗವೇನನು ದಾರಿಯಲ್ಲಿ ಒಂದು ಕೋಟೆಯಲ್ಲಿ ತಂಗಿದನು. ಬೇಟೆಯಲ್ಲಿ ದೊರೆತುದನ್ನು ತಾನು ಕೊಡುವೆನು, ಮನೆಯಲ್ಲಿ ದೊರೆತುದನ್ನು ಅತಿಥಿಯು ಕೊಡಬೇಕು ಎಂದು ಯಜಮಾನನು ಮೂರು ದಿನದ ಕರಾರು ಮಾಡಿಕೊಂಡನು. ಯಜಮಾನನ ಪತ್ನಿಯ ಪ್ರಲೋಭನೆಗೆ ಗವೇನನು ಮಣಿಯಲಿಲ್ಲ. ಆಕೆಯಿತ್ತ ಚುಂಬನಗಳನ್ನು ಕರಾರಿನಂತೆ ಯಜಮಾನನಿಗೇ ಒಪ್ಪಿಸಿದನು. ಮೂರನೆಯ ದಿನ ಮಾತ್ರ, ಧರಿಸಿದವನ ಪ್ರಾಣವನ್ನು ಕಾಯುವುದೆಂದು ಆಕೆ ಕೊಟ್ಟ ಹಸಿರು ರೇಷ್ಮೆಯ ನಡುಕಟ್ಟನ್ನು ಬಚ್ಚಿಟ್ಟುಕೊಂಡನು. ಎರಡು ದಿನದ ಲೆಕ್ಕ ಚೊಕ್ಕವಾಗಿತ್ತು. ಮೂರನೆಯ ದಿನದಲ್ಲಿ ಒಂದು ಬಾಬತ್ತು ಬಿಟ್ಟುಹೋಯಿತು.

ಪೆಟ್ಟಿನ ಸ್ಥಳದಲ್ಲಿ ಕೊಡಲಿ ಎರಡು ಸಲ ತಡೆದು ನಿಂತಿತು, ಮೂರನೆಯ ಸಲ ಕೊರಳಿಗೆ ಗೀರಿತು. ಹಸಿರು ವೀರನೇ ಆ ಯಜಮಾನನಾಗಿದ್ದನು. ಪ್ರಾಣಪ್ರೀತಿಯಿಂದಾದ ತಪ್ಪೆಂದು ಅವನು ಕ್ಷಮಿಸಿದನು.

ಇಲ್ಲಿ ವಿಚಾರಾರ್ಹವಾದ ಅಂಶವಿದೆ. ಕೊರಳೊಡ್ಡುವ ಮಹಾಪ್ರತಿಜ್ಞೆಯನ್ನು ನಡೆಸಿದವನು ವಿನೋದಕ್ಕೆಂದು ಮಾಡಿದ ಕರಾರಿನಲ್ಲಿ ಜಾರಿದನು. ದೊಡ್ಡ ಪರೀಕ್ಷೆಗೆ ಮನುಷ್ಯನು ಸಜ್ಜಾಗಿರುತ್ತಾನೆ. ಸಾಕ್ಷಿಯಿಲ್ಲದ ಸಣ್ಣ ಮಾತಿನಲ್ಲಿ ಎಚ್ಚರ ತಪ್ಪುತ್ತಾನೆ.

ಗವೇನನು ತನ್ನ ತಪ್ಪನ್ನು ಒಪ್ಪಿಕೊಂಡನು. ಹೆಂಗಸರ ಮೋಸವೆಂದು ದೂರುವ ದೌರ್ಬಲ್ಯವೂ ಅವನಲ್ಲಿ ಇಣುಕಿತು. ಆದರೂ ಆ ನಡುಕಟ್ಟನ್ನು ಕಳಂಕದ ಗುರುತಾಗಿ ಧರಿಸಿ ಸಭೆಗೆ ಹಿಂದಿರುಗಿದನು. ಸಭಿಕರು ನಕ್ಕು, ಅವನ ಮೇಲಿನ ಪ್ರೀತಿಯಿಂದ ತಾವೂ ಹಸಿರು ಪಟ್ಟಿಯನ್ನು ತೊಟ್ಟರು. ಅವರ ಪ್ರೀತಿ ನಿಜವಾದುದೇ. ಆದರೆ ಅವರಾರೂ ಕೊಡಲಿಯ ಕೆಳಗೆ ತಲೆಬಾಗಿದವರಲ್ಲ. ಅವನಿಗೆ ಎಚ್ಚರಿಕೆಯಾದುದು ಅವರಿಗೆ ಆಭರಣವಾಯಿತು.

ಕ್ಷಮೆಯು ಇಬ್ಬರ ನಡುವಣ ಬಾಕಿಯನ್ನು ತೀರಿಸುತ್ತದೆ. ತಪ್ಪಿನ ಅರಿವನ್ನು ಕಾಪಾಡಿಕೊಳ್ಳುವ ಹೊಣೆ ಮಾತ್ರ ಮಾಡಿದವನದೇ. ಅದು ಆತ್ಮಹಿಂಸೆಗಾಗಿಯಲ್ಲ, ಮುಂದಿನ ಲೆಕ್ಕ ಚೊಕ್ಕವಾಗಿರಲೆಂದು.