ಪೊಟ್ಯಾಷ್ ಚೀಲದ ಮುಂದೆ ಒಂದು ನಿವೇದನೆ

ತಾಯಿ ಮಸಣಿಕಮ್ಮ, ಪಿರಿಯಾಪಟ್ಟಣವನ್ನು ಕಾಯುವವಳೇ, ಈ ಮಗಳ ಮಾತಿಗೂ ಒಂಚೂರು ಕಿವಿಗೊಡು. ನಾನು ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಹುಟ್ಟಿದವಳು. ನನಗೆ ಗೊತ್ತಿರುವ ಮಂತ್ರವೆಂದರೆ ಧಾತುಗಳ ಹೆಸರು. ಅದನ್ನೇ ಹೇಳಿಕೊಳ್ಳುತ್ತೇನೆ, ಒಪ್ಪಿಸಿಕೋ.

ಗೊಬ್ಬರದ ಅಂಗಡಿಯಲ್ಲಿ ಸಿಗುವ ಮ್ಯೂರಿಯೇಟ್ ಪೊಟ್ಯಾಷ್ ಹರಳುಗಳಲ್ಲಿ ಎಂಥಾ ಲೆಕ್ಕ ಇಟ್ಟಿದ್ದೀಯೆ! ಕ್ಲೋರಿನ್ ಪರಮಾಣುವಿಗೆ 17 ಎಲೆಕ್ಟ್ರಾನ್. ಪೊಟ್ಯಾಸಿಯಂಗೆ 19. ಒಂದಕ್ಕೆ ಒಂದು ಸಾಲದು, ಇನ್ನೊಂದಕ್ಕೆ ಒಂದು ಹೆಚ್ಚು. ನಡುವೆ 18ರಲ್ಲಿ ಆರ್ಗಾನ್ ಕೂತಿದೆ. ಅದಕ್ಕೆ ಯಾರಿಂದಲೂ ಏನೂ ಬೇಡ. ಒಂಟಿ ಕ್ಲೋರಿನ್ ಹಳದಿ ಹಸಿರಿನ ವಿಷದ ಗಾಳಿ, ಎದೆ ಸುಡುತ್ತದೆ. ಒಂಟಿ ಪೊಟ್ಯಾಸಿಯಂ ನೀರು ತಾಕಿದೊಡನೆ ಹೊತ್ತಿಕೊಳ್ಳುತ್ತದೆ. ಎರಡನ್ನೂ ಹತ್ತಿರ ತಂದೆ. ಒಂದು ಕೊಟ್ಟಿತು, ಒಂದು ಇಸಿದುಕೊಂಡಿತು. ಈಗ ಇಬ್ಬರ ಬಳಿಯೂ 18. ಬರಿಗೈಯಲ್ಲಿ ಮುಟ್ಟಬಹುದಾದ ತಣ್ಣನೆಯ ಉಪ್ಪು. ಕೊಡುವುದರಲ್ಲೂ ಪಡೆಯುವುದರಲ್ಲೂ ಒಂದೇ ನೆಮ್ಮದಿ ಇಟ್ಟವಳೇ, ನಿನಗೆ ಶರಣು.

ಆದರೂ ಅಮ್ಮ, ಈ ಚೀಲವನ್ನು ಹುಣಸೂರಿನ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೆ ಸುರಿಯುವ ಹಾಗಿಲ್ಲ. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಭತ್ತ ಇದನ್ನೇ ಉಂಡು ತೆನೆ ಬಿಡುತ್ತದೆ. ಹೊಗೆಸೊಪ್ಪಿಗೆ ಮಾತ್ರ ಕ್ಲೋರೈಡ್ ಮಿತಿಮೀರಬಾರದು. ಮೀರಿದರೆ ಎಲೆ ದಪ್ಪಗಾಗುತ್ತದೆ, ಬ್ಯಾರನ್ನಿನಲ್ಲಿ ಬೇಯಿಸಿ ಇಟ್ಟ ಮೇಲೂ ಗಾಳಿಯ ತೇವ ಹೀರುತ್ತದೆ, ಸರಿಯಾಗಿ ಉರಿಯುವುದಿಲ್ಲ. ಅದಕ್ಕೇ ನಮ್ಮವರು ಹೆಚ್ಚು ದುಡ್ಡು ಕೊಟ್ಟು ಸಲ್ಫೇಟ್ ಪೊಟ್ಯಾಷ್ ತರುತ್ತಾರೆ. ಹಾಗೆಂದು ಕ್ಲೋರಿನ್ ಇಲ್ಲದೆ ಗಿಡಕ್ಕೆ ಬದುಕೂ ಇಲ್ಲ. ಬಿಸಿಲಲ್ಲಿ ಹಸಿರೆಲೆ ನೀರನ್ನು ಒಡೆದು ಪ್ರಾಣವಾಯು ಬಿಡುತ್ತದಲ್ಲ, ಆ ಕೆಲಸಕ್ಕೆ ಅದು ಎಳ್ಳಷ್ಟಾದರೂ ಇರಲೇಬೇಕು. ಎಷ್ಟು ಸಾಕು ಎಂಬುದನ್ನು ನೀನೇ ಬಲ್ಲೆ. ನಮಗೆ ಅದನ್ನು ಅರಿಯಲು ಮಣ್ಣು ಪರೀಕ್ಷೆಯ ಚೀಟಿ ಬೇಕು.

ಇಲ್ಲಿ ನನ್ನ ಬಾಯಿ ಕಟ್ಟುತ್ತದೆ. ಸೊಪ್ಪು ಚೆನ್ನಾಗಿ ಉರಿಯಲಿ ಎಂದು ಹೇಗೆ ಬೇಡಲಿ? ಅದು ಉರಿಯುವುದು ಯಾರದೋ ಎದೆಯಲ್ಲಿ. ಉರಿಯದಿದ್ದರೆ ಕಟ್ಟೆಮಳಲವಾಡಿಯ ಹರಾಜಿನಲ್ಲಿ ಬೆಲೆ ಬೀಳುತ್ತದೆ, ಸಾಲ ಹಾಗೇ ಉಳಿಯುತ್ತದೆ. ಆ ಸೊಪ್ಪಿನ ಕಾಸಿನಲ್ಲೇ ನಾನು ಓದಿದ್ದು. ಅದಕ್ಕೆ ಕೃತಜ್ಞಳು. ಅದರ ನೋವೂ ಗೊತ್ತು. ಎರಡನ್ನೂ ನಿನ್ನ ಪಾದದಲ್ಲಿಡುತ್ತೇನೆ, ತಾಯಿ. ಬಿಡಿಸುವ ಶಕ್ತಿ ನನಗಿಲ್ಲ.

ಏನೂ ಬೇಡದ ಆರ್ಗಾನ್‌ಗೂ ಒಂದು ನಮಸ್ಕಾರ. ನಾವು ಎಳೆದುಕೊಳ್ಳುವ ಉಸಿರಿನಲ್ಲಿ ಅದು ನೂರಕ್ಕೆ ಒಂದು ಪಾಲಿಗಿಂತ ತುಸು ಕಡಿಮೆ. 1894ರವರೆಗೆ ಯಾರಿಗೂ ಕಾಣಲಿಲ್ಲ. ರ್‍ಯಾಲೆ ಎಂಬವರು ತೂಗಿದ ಸಾರಜನಕದಲ್ಲಿ ಒಂದಿಷ್ಟು ತೂಕ ಹೆಚ್ಚು ಬಂತು. ಅವರೂ ರ್‍ಯಾಮ್ಸೆಯವರೂ ಬಿಡದೆ ಹುಡುಕಿದರು. ಅಷ್ಟು ಸಣ್ಣ ವ್ಯತ್ಯಾಸವನ್ನು ತಳ್ಳಿಹಾಕದ ಆ ಕಣ್ಣುಗಳಿಗಾಗಿ ವಂದನೆ. ಇನ್ನೂ ದೊಡ್ಡ ಬೆರಗೆಂದರೆ, ಈ ಆರ್ಗಾನ್ ಬಹುಪಾಲು ಪೊಟ್ಯಾಸಿಯಂನ ಮಗು. ಪೊಟ್ಯಾಸಿಯಂನಲ್ಲಿ 40 ತೂಕದ ಬಗೆಯೊಂದು ಅತಿ ಸ್ವಲ್ಪ ಇರುತ್ತದೆ. ಅದರ ಅರ್ಧ ಕರಗಲು ಸುಮಾರು 125 ಕೋಟಿ ವರ್ಷ. ಕರಗುತ್ತಾ ಅದರ ಒಂದು ಪಾಲು ಆರ್ಗಾನ್ ಆಗುತ್ತದೆ. ನಮ್ಮ ಕೆಮ್ಮಣ್ಣಿನ ಅಡಿಯ ಬಂಡೆಯಲ್ಲಿ ಈ ಗಳಿಗೆಯಲ್ಲೂ ಅದು ನಡೆದಿದೆ. ನನ್ನ ಮೈಯೊಳಗೂ ನಡೆದಿದೆ. ಇಷ್ಟು ದೊಡ್ಡ ಕಾಲದಲ್ಲಿ ನಾನೆಷ್ಟರವಳು?

ಏನೂ ಬೇಡದ ಈ ಆರ್ಗಾನ್ ಬಳಗವೂ ಪೂರ್ತಿ ಬಾಗಿಲು ಮುಚ್ಚಿಕೊಂಡಿಲ್ಲ. 1962ರಲ್ಲಿ ನೀಲ್ ಬಾರ್ಟ್ಲೆಟ್ ಫ್ಲೋರಿನ್ ತುಂಬಿದ ಪ್ಲಾಟಿನಂ ಸಂಯುಕ್ತವೊಂದನ್ನು ಅದೇ ಬಳಗದ ಕ್ಸೆನಾನ್ ಜೊತೆ ಕೂಡಿಸಿದರು. ಯಾರನ್ನೂ ಸೇರದು ಎಂದು ಲೋಕ ನಂಬಿದ್ದ ಕ್ಸೆನಾನ್ ಸೇರಿತು. ಅದನ್ನು ಪಾಠದಲ್ಲಿ ಹೇಳುವಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಬೇಡಲು ನಿನ್ನ ಬಾಗಿಲಿಗೆ ಬಂದದ್ದಕ್ಕೆ ಸಂಕೋಚವೂ ಆಗುವುದಿಲ್ಲ. ಒಂದು ಕಡಿಮೆ ಇಟ್ಟದ್ದರಿಂದಲ್ಲವೇ ಉಪ್ಪು ಉಂಟಾದದ್ದು?

ಹಾಗಾದರೆ ಕೇಳಿಕೊಳ್ಳುತ್ತೇನೆ. ಎಚ್.ಡಿ. ಕೋಟೆಯ ಹಾಡಿಗಳ ನಲ್ಲಿಯವರೆಗೂ ಕ್ಲೋರಿನ್ ತನ್ನ ಕಾವಲು ಮುಟ್ಟಿಸಲಿ, ಲೀಟರಿಗೆ 0.2 ಮಿಲಿಗ್ರಾಂ ಉಳಿದರೂ ಸಾಕು, ಕಾಲರಾ ಮನೆಯೊಳಗೆ ಬಾರದು. ಬ್ಲೀಚಿಂಗ್ ಪುಡಿ ಕದಡುವ ನೀರಗಂಟಿಯ ಕಣ್ಣಿಗೆ, ಉಸಿರಿಗೆ ಕೇಡಾಗದಿರಲಿ. ಬಸುರಿ ಹೆಂಗಸರ ಅಡುಗೆಯ ಉಪ್ಪಿನಲ್ಲಿ ಅಯೋಡಿನ್ ತಪ್ಪದಿರಲಿ. ಕೊಳವೆಬಾವಿಯ ಫ್ಲೋರೈಡ್ ಮಕ್ಕಳ ಹಲ್ಲಿಗೆ, ಮೂಳೆಗೆ ಏರದಿರಲಿ.

ಕೊನೆಗೆ ನನ್ನ ಮನೆಯವರ ಮಾತು. ಸಾಲ ತೀರಿಸುವಷ್ಟು ಕಾಸು ತರುವ, ಯಾರ ಎದೆಯನ್ನೂ ಸುಡದ ಬೆಳೆಯೊಂದನ್ನು ಈ ಕೆಂಪು ನೆಲಕ್ಕೆ ತೋರಿಸಮ್ಮ. ಅದು ಸಿಗುವವರೆಗೆ, ಈ ಸಲ ಬ್ಯಾರನ್ನಿಗೆ ಏರಿಸುವ ಸೊಪ್ಪಿಗೆ ನ್ಯಾಯದ ಬೆಲೆ ಕೊಡಿಸು.