ದೇವರ ಹೂವಿನ ಗಿಡದ ಹುಳು

ಬೆಳಗಿನ ಪೂಜೆಗೆ ಹೂ ಬಿಡಿಸಲು ಬುಟ್ಟಿ ಹಿಡಿದು ಅಂಗಳಕ್ಕಿಳಿದಾಗ ಗಾರ್ಡೇನಿಯ ಗಿಡದ ಚಿಗುರೆಲ್ಲ ಬೋಳಾಗಿದ್ದರೆ ಯಾರಿಗಾದರೂ ಮೊದಲು ಬರುವುದು ಸಿಟ್ಟು. ಶಿವಮೊಗ್ಗದ ವಿದ್ಯಾನಗರದಂಥ ಬಡಾವಣೆಯಲ್ಲಿ ಕಾಂಪೌಂಡಿಗೆ ಒತ್ತಿಕೊಂಡ ಮೂರಡಿ ಮಣ್ಣಿನಲ್ಲೇ ದೇವರ ಹೂವೆಲ್ಲ ಬೆಳೆಯಬೇಕು. ಎಲೆ ಮಗುಚಿ ನೋಡಿದರೆ ಬೆರಳುದ್ದದ ಹಸಿರು ಹುಳು, ಬಾಲದ ತುದಿಗೊಂದು ಕೊಂಬು. ಕೆಳಗೆ ಹಾಕಿ ಹೊಸಕಿದರೆ ಮುಗಿಯಿತು. ಆದರೆ ಇನ್ನೊಂದು ಕೈಯಲ್ಲಿ ಪೂಜೆಯ ಬುಟ್ಟಿಯಿದೆ. ದೇವರ ಹೂವಿಗಾಗಿ ಜೀವ ತೆಗೆಯಬಹುದೇ?

ಆ ಹುಳು ಬಹುಪಾಲು ಸೆಫೋನೋಡಿಸ್ ಹೈಲಾಸ್ ಎಂಬ ಪತಂಗದ ಮರಿ. 1771ರಲ್ಲಿ ಲಿನೇಯಸ್ ಇದನ್ನು ವಿಜ್ಞಾನದ ಲೆಕ್ಕಕ್ಕೆ ಸೇರಿಸಿದ. ಕಾಫಿ, ಗಾರ್ಡೇನಿಯ, ಕಾರೆ ಹೀಗೆ ಕಾಫಿ ಕುಟುಂಬದ ಗಿಡಗಳೇ ಇದರ ಊಟ. ಹೊಟ್ಟೆ ತುಂಬಿದ ಹುಳು ಕೆಳಗಿಳಿದು ತರಗೆಲೆ, ಮಣ್ಣಿನ ನಡುವೆ ಕೋಶವಾಗುತ್ತದೆ. ಕೋಶದಿಂದ ಹೊರಬಂದ ಪತಂಗದ ರೆಕ್ಕೆಗೆ ಮೊದಲು ಬೂದಿಯಂಥ ಹುಡಿ ಅಂಟಿರುತ್ತದೆ. ಮೊದಲ ಹಾರಾಟದಲ್ಲೇ ಅದು ಉದುರಿಹೋಗಿ ರೆಕ್ಕೆ ಗಾಜಿನಂತಾಗುತ್ತದೆ. ಮತ್ತೆ ಹಗಲಿಡೀ ಹೂವಿನೆದುರು ಗಾಳಿಯಲ್ಲಿ ನಿಂತೇ ಮಕರಂದ ಹೀರುವ ಈ ಜೀವವನ್ನು ದುಂಬಿಯೆಂದೇ ತಿಳಿದು ಜನ ಕೈ ಹಿಂತೆಗೆಯುತ್ತಾರೆ. ಅದಕ್ಕೆ ಕುಟುಕುವ ಕೊಂಡಿಯೇ ಇಲ್ಲ.

ಶಿವಮೊಗ್ಗಕ್ಕೆ ಬರುವ ಮೊದಲು ತುಂಗೆ ಶೃಂಗೇರಿಯನ್ನು ಹಾದು ಬರುತ್ತಾಳೆ. ಅಲ್ಲಿನ ಅದ್ವೈತ ಪರಂಪರೆಗೆ ಭ್ರಮರ-ಕೀಟ ನ್ಯಾಯ ಚಿರಪರಿಚಿತ: ದುಂಬಿಯನ್ನೇ ಧ್ಯಾನಿಸುತ್ತ ಹುಳು ದುಂಬಿಯಾಗುವಂತೆ, ಬ್ರಹ್ಮವನ್ನೇ ನೆನೆಯುವವನು ಬ್ರಹ್ಮವೇ ಆಗುತ್ತಾನೆ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯಲ್ಲೂ ಈ ದೃಷ್ಟಾಂತ ಬರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜ ಹುಳುವೊಂದನ್ನು ಕುಟುಕಿ ಒಳಗೆ ಹೊತ್ತೊಯ್ಯುವುದನ್ನೂ, ಕೆಲ ದಿನಗಳ ಮೇಲೆ ಅದೇ ಗೂಡಿನಿಂದ ಕಣಜ ಹೊರಬರುವುದನ್ನೂ ಕಂಡವರಿಗೆ ಹೀಗನ್ನಿಸಿದ್ದರೆ ಅಚ್ಚರಿಯಿಲ್ಲ. ಗೂಡಿನೊಳಗೆ ನಡೆಯುವುದು ಬೇರೆ. ಕಣಜದ ಮರಿ ಆ ಹುಳುವನ್ನು ತಿಂದು ಬೆಳೆಯುತ್ತದೆ. ಆದರೆ ಗಾರ್ಡೇನಿಯದ ಹುಳು ಮಾತ್ರ ಯಾರ ಹೊಟ್ಟೆಗೂ ಹೋಗದೆ ದುಂಬಿಯ ರೂಪಕ್ಕೆ ಬರುತ್ತದೆ. ರೂಪಕ್ಕಷ್ಟೇ, ಹಗ್ಗ ಹಾವಾಗಿ ಕಂಡಂತೆ.

ನಿರಪಾಯದ ಜೀವಿಯೊಂದು ಅಪಾಯದ ಜೀವಿಯ ವೇಷ ತೊಟ್ಟು ಬದುಕುವುದನ್ನು ವಿವರಿಸಿದವನು ಹೆನ್ರಿ ಬೇಟ್ಸ್, 1862ರಲ್ಲಿ, ಅಮೆಜಾನಿನ ಚಿಟ್ಟೆಗಳನ್ನು ನೋಡಿ. ಅದ್ವೈತಿಗಳ ಭಾಷೆಯಲ್ಲಿ ಇದು ಅಧ್ಯಾಸ, ಒಂದರ ಮೇಲೆ ಇನ್ನೊಂದನ್ನು ಆರೋಪಿಸುವುದು. 'ಪೀಡೆ' ಎಂಬ ಹೆಸರೂ ಅಂಥದ್ದೇ ಅಲ್ಲವೇ? ಅದೇ ಹುಳು ಕಾಡಿನ ಕಾರೆಗಿಡದ ಮೇಲಿದ್ದರೆ ಯಾರೂ ಹಾಗೆ ಕರೆಯುವುದಿಲ್ಲ.

ಹೆಸರು ಸುಳ್ಳೆಂದು ಗೊತ್ತಾದರೂ ಎಲೆ ಖಾಲಿಯಾಗುವುದು ನಿಲ್ಲುವುದಿಲ್ಲ. ಏನು ಮಾಡಬೇಕೆಂಬುದಕ್ಕೆ ಹೆಚ್ಚು ನೆರವಾಗುವುದು ಇದೇ ಜಿಲ್ಲೆಯ ಹೊಂಬುಜದಲ್ಲಿ ಇಂದಿಗೂ ಬಾಳುತ್ತಿರುವ ಜೈನ ವಿಚಾರ. ತತ್ತ್ವಾರ್ಥಸೂತ್ರದ ಎಣಿಕೆಯಲ್ಲಿ ಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು. ನಮ್ಮ ಹುಳು ಈ ಲೆಕ್ಕವನ್ನು ಕದಡುತ್ತದೆ. ಪತಂಗದ ಮರಿಗೂ ತಲೆಯ ಎರಡೂ ಬದಿಯಲ್ಲಿ ಆರಾರು ಪುಟ್ಟ ಕಣ್ಣುಗಳಿವೆ. ಇಂದ್ರಿಯದ ಎಣಿಕೆ ಅಲುಗಾಡಿದರೂ ಹಿಂಸೆಯ ವಿಂಗಡಣೆ ಗಟ್ಟಿಯಾಗಿ ನಿಲ್ಲುತ್ತದೆ. ಸಂಕಲ್ಪಿಸಿ ಮಾಡುವುದು, ಮನೆಗೆಲಸದಲ್ಲಿ ಆಗುವುದು, ಕಸುಬಿನಲ್ಲಿ ಆಗುವುದು, ಎದುರಿಸುವಾಗ ಆಗುವುದು ಹೀಗೆ ನಾಲ್ಕು ಬಗೆ. ಗೃಹಸ್ಥ ಮೊದಲನೆಯದನ್ನು ಬಿಡಲೇಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು.

ಈ ಅಳತೆಗೋಲಿಟ್ಟು ನೋಡಿದರೆ, ಎರಡು ಹುಳುವಿಗೆ ಹೆದರಿ ಇಡೀ ಗಿಡಕ್ಕೆ ಔಷಧಿ ಹೊಡೆಯುವುದಕ್ಕೂ, ಹುಳುವನ್ನು ಎಲೆಸಮೇತ ಕಿತ್ತು ಬೇಲಿಯಾಚೆಯ ಕಾರೆಗಿಡಕ್ಕೆ ಬಿಡುವುದಕ್ಕೂ ಬಹಳ ಅಂತರ. ದೊಡ್ಡ ಗಿಡವಾದರೆ ಒಂದಿಷ್ಟು ಎಲೆ ಹೋದರೂ ಮತ್ತೆ ಚಿಗುರುತ್ತದೆ. ಸಸಿಯಾದರೆ ದಿನಾ ನೋಡಬೇಕು.

ಹಿತ್ತಲಿನ ಪಡವಲ ಬಳ್ಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕಾಟ ಕೊಡುವುದು ಗಾಜುರೆಕ್ಕೆಯ ಬೇರೊಂದು ಕುಟುಂಬದ ಪತಂಗ, ಮೆಲಿಟ್ಟಿಯ ಯೂರಿಟಿಯಾನ್. ಅದರ ಮರಿ ಕುಡಿಯೊಳಗೆ ಕೊರೆದು ಹೊಕ್ಕು ಬಳ್ಳಿಯಲ್ಲಿ ಗಂಟು ಎಬ್ಬಿಸುತ್ತದೆ. ಗಂಟು ಕತ್ತರಿಸಿ ನಾಶಮಾಡಿದರೇ ಬಳ್ಳಿ ಉಳಿದೀತು. ಕಣ್ಣಿಗೆ ಕಾಣದ ಹುಳುವನ್ನು ಎತ್ತಿ ಬೇರೆಡೆ ಬಿಡುವುದು ಹೇಗೆ? ಪಡವಲಕಾಯಿ ಬೇಕೆನ್ನುವವರು ಇಲ್ಲಿ ಹಿಂಸೆಯನ್ನು ಒಪ್ಪಿಕೊಂಡೇ ಕತ್ತರಿ ಹಿಡಿಯಬೇಕು.

ಇನ್ನು ಗಾರ್ಡೇನಿಯದ ಹುಳುವನ್ನು ಕನಿಕರದಿಂದ ಬಿಟ್ಟುಬಿಟ್ಟವರೂ ಭಾನುವಾರ ಕುರ್ಪಿ ಹಿಡಿದು ಗಿಡದ ಬುಡ ಕೆದಕುತ್ತಾರೆ. ಕಂದು ಬಣ್ಣದ ಕೋಶವೊಂದು ಎರಡು ತುಂಡಾಗಿ ಕಳೆಯೊಂದಿಗೆ ಮೊರ ಸೇರುತ್ತದೆ. ಅದು ಮೊನ್ನೆ ಉಳಿಸಿದ ಹುಳುವೇ ಎಂದು ಅವರಿಗೆ ಹೊಳೆಯುವುದೂ ಇಲ್ಲ.