ಬಿಸಿಲಿನ ರಜೆ, ಬಾವಿಯ ನೀರು

ಗೋಕರ್ಣಕ್ಕೆ ಯಾವಾಗ ಹೋಗೋದು? ನಾವು ನೋಡೋದು ಬಿಸಿಲು, ಬಾಡಿಗೆ, ರಜೆ ಮಾತ್ರ. ಮೇ ತಿಂಗಳಲ್ಲಿ ಮಕ್ಕಳಿಗೂ ರಜೆ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಬಾವಿಗಳ ತಳ ಕಾಣೋದೂ ಆಗಲೇ. ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪಾಗುತ್ತೆ. ಜನ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುವ ಊರಲ್ಲಿ ನಾವು ಈಜುಕೊಳವಿರುವ ರೆಸಾರ್ಟ್ ಬುಕ್ ಮಾಡಬಹುದಾ? (ಮೈಗಂಟಿದ ಮರಳು ತೊಳೆಯೋಕೇ ದಿನಕ್ಕೆರಡು ಸ್ನಾನ ಬೇರೆ.) ದುಡ್ಡು ಕೊಡ್ತೀವಲ್ಲ ಅಂದರೆ, ಅದು ಹೋಗೋದು ರೆಸಾರ್ಟಿಗೆ, ನೀರು ಇಳಿಯೋದು ಪಕ್ಕದ ಮನೆಯ ಬಾವಿಯಲ್ಲಿ. ಹಾಗಂತ ಯಾರೂ ಹೋಗದಿದ್ದರೆ ಅಂಗಡಿ, ಆಟೋದವರ ದುಡಿಮೆಗೂ ಪೆಟ್ಟು. ನನ್ನ ಪ್ರಕಾರ ಡಿಸೆಂಬರ್ ಸರಿ, ಬಿಸಿಲೂ ಹಿತ, ಬಾವಿಯಲ್ಲಿ ನೀರೂ ಇರುತ್ತೆ. ಮೇನಲ್ಲೇ ರಜೆ ಸಿಗೋದಾದ್ರೆ ಸಣ್ಣ ಹೋಂಸ್ಟೇ ಸಾಕು. ಈಜೋಕೆ ಎದುರಿಗೇ ಕಡಲಿದೆ.